ಕೆರೆ ಚಿಕ್ಕದೆಂದು ದಡ ಕಿತ್ತುಕೊಳ್ಳಬೇಡಿ

ಚಿಕ್ಕ ಕೆರೆಗೆ ಚಿಕ್ಕ ದಡ ಸಾಕು ಎಂಬ ಲೆಕ್ಕವೇ ತಲೆಕೆಳಗು. 2025ರ ಆಗಸ್ಟ್‌ನಲ್ಲಿ ಕರ್ನಾಟಕ ವಿಧಾನಮಂಡಲ ಒಪ್ಪಿದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ತಿದ್ದುಪಡಿ ಮಸೂದೆಯ ಮೇಲೆ ನನ್ನ ಮುಖ್ಯ ತಕರಾರು ಇದೇ. ಎಲ್ಲ ಕೆರೆಗೂ ಒಂದೇ ಆಗಿದ್ದ 30 ಮೀಟರ್ ಬಫರ್ (ಕೆರೆಯ ಸುತ್ತ ಕಟ್ಟಡ ಕಟ್ಟಬಾರದ ಪಟ್ಟಿ) ಅದರಲ್ಲಿ ಮೆಟ್ಟಿಲಿಳಿಯುತ್ತದೆ: ನೂರು ಎಕರೆ ದಾಟಿದರೆ 30, ಇಪ್ಪತ್ತೈದರಿಂದ ನೂರಕ್ಕೆ 24, ಹತ್ತರಿಂದ ಇಪ್ಪತ್ತೈದಕ್ಕೆ 12, ಒಂದರಿಂದ ಹತ್ತಕ್ಕೆ 6, ಎಕರೆಯೊಳಗಿನ ಕುಂಟೆಗೆ ಬರೀ 3. ಬೆಂಗಳೂರಿನ ಬಿಟಿಎಂ ಲೇಔಟ್‌ನ ಮಡಿವಾಳ ಕೆರೆ ಬಚಾವ್. ಸಾರಕ್ಕಿಗೆ 24. ಜೆ.ಪಿ. ನಗರದ ಪುಟ್ಟೇನಹಳ್ಳಿಗೆ 12.

ವಿರೋಧಿಸುವವರು ಪ್ರವಾಹದ ಮಾತಾಡುತ್ತಾರೆ, ಸರ್ಕಾರ ರಸ್ತೆ, ಒಳಚರಂಡಿಗೆ ಜಾಗ ಬೇಕೆನ್ನುತ್ತದೆ. ಎರಡೂ ಕಡೆಯವರು ಮರೆತದ್ದು ದಡದ ಉದ್ದವನ್ನು. ಗುಂಡಗಿನ ಒಂದು ಎಕರೆ ಕುಂಟೆಯ ಸುತ್ತಳತೆ ಸುಮಾರು 225 ಮೀಟರ್. ನೂರು ಎಕರೆ ಕೆರೆಯದು ಸುಮಾರು 2,255 ಮೀಟರ್. ನೀರು ನೂರು ಪಟ್ಟು, ದಡ ಹತ್ತೇ ಪಟ್ಟು. ಎಕರೆವಾರು ನೋಡಿದರೆ ದೊಡ್ಡ ಕೆರೆಗೆ ಇರುವ ದಡದ ಹತ್ತರಷ್ಟು ಕುಂಟೆಗಿದೆ. ಅಂದರೆ ಚಿಕ್ಕ ಕೆರೆಯ ಬದುಕೆಲ್ಲ ಅಂಚಿನಲ್ಲೇ. ಮಸೂದೆ ಸರಿಯಾಗಿ ಅಲ್ಲಿಗೇ ಕತ್ತರಿ ಹಾಕಿದೆ.

ಪುಟ್ಟೇನಹಳ್ಳಿ ಕೆರೆ 13 ಎಕರೆ 25 ಗುಂಟೆ. ವೃತ್ತವೆಂದೇ ಹಿಡಿದರೂ 30 ಮೀಟರ್ ಪಟ್ಟಿಯೆಂದರೆ ಏಳು ಎಕರೆಗೆ ತುಸು ಕಡಿಮೆ; 12 ಮೀಟರ್ ಆದರೆ ಎರಡೂವರೆ ಎಕರೆ ಚಿಲ್ಲರೆ. ನಾಲ್ಕು ಎಕರೆಗೂ ಹೆಚ್ಚು ಜಾಗ ಕಾಗದದ ಮೇಲೆಯೇ ಹೋಯಿತು. ಅಂಕುಡೊಂಕಾದ ದಡಕ್ಕೆ ನಷ್ಟ ಇನ್ನೂ ಹೆಚ್ಚು.

ಈ ಜಾಗದಲ್ಲಿ ಯಾರಿಗೇನು ಕೆಲಸ? ಕಪ್ಪೆಯನ್ನೇ ನೋಡಿ. ಗೊದಮೊಟ್ಟೆ ನೀರಿನಲ್ಲಿ ಪಾಚಿ ತಿನ್ನುತ್ತದೆ, ಬೆಳೆದ ಕಪ್ಪೆ ನೆಲದ ಮೇಲೆ ಹುಳ ಹಿಡಿಯುತ್ತದೆ. ಮರಿಗೂ ದೊಡ್ಡದಕ್ಕೂ ಒಂದೇ ತುತ್ತಿಗೆ ಪೈಪೋಟಿಯಿಲ್ಲ. ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಗಟ್ಟಿಯಾದ ಈ ಏರ್ಪಾಡಿಗೆ ನೀರೂ ಬೇಕು, ಮಣ್ಣೂ ಬೇಕು. 2020ರಲ್ಲಿ ರಾಜಾನುಕುಂಟೆ ಕಡೆಯಿಂದ ವಿವರಿಸಲಾದ ಹೊಸ ಪ್ರಭೇದಕ್ಕೆ ನಮ್ಮೂರಿನ ಹೆಸರೇ ಸಿಕ್ಕಿತು: ಸ್ಫೇರೋಥೀಕಾ ಬೆಂಗಳೂರು. ಅದು ಬಿಲ ತೋಡುವ ಕಪ್ಪೆಗಳ ಕುಲದ್ದು. ಈ ಕುಲದವು ಒಣಗಾಲವನ್ನು ಮಣ್ಣಿನೊಳಗೇ ಕಳೆದು, ಮಳೆ ಬಿದ್ದಾಗ ಮೇಲೆ ಬಂದು ಮೊಟ್ಟೆಯಿಡುತ್ತವೆ. ಆಮೆ ನೀರಿನಲ್ಲಿದ್ದರೂ ಮೊಟ್ಟೆ ಹೂಳುವುದು ದಡದ ಮಣ್ಣಿನಲ್ಲಿ. ನೀರಿನಲ್ಲಿ ಸೊಳ್ಳೆಮರಿ ತಿಂದು ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿ, ಪೊರೆ ಬಿಟ್ಟು ರೆಕ್ಕೆ ಬಿಚ್ಚಲು ಜೊಂಡಿನ ಕಡ್ಡಿ ಹತ್ತಬೇಕು. ಜೊಂಡು ಕಿತ್ತು ಸುತ್ತ ಕಲ್ಲು ಕಟ್ಟಿಸಿ, ಆಮೇಲೆ ಸೊಳ್ಳೆಗೆ ಫಾಗಿಂಗ್ ಮಾಡಿಸಿ ಎಂದು ಅರ್ಜಿ ಕೊಡುವವರು ನಾವೇ.

2003ರಲ್ಲಿ ಸೆಮ್ಲಿಟ್ಷ್ ಮತ್ತು ಬೋಡೀ ಎಂಬ ವಿಜ್ಞಾನಿಗಳು ಹಲವು ಅಧ್ಯಯನಗಳನ್ನು ಒಟ್ಟುಮಾಡಿ, ನೀರಿನಂಚಿನಿಂದ ಎಷ್ಟು ದೂರದವರೆಗಿನ ನೆಲ ಈ ಜೀವಿಗಳಿಗೆ ಬೇಕೆಂದು ಲೆಕ್ಕ ಹಾಕಿದರು. ಉಭಯಚರಗಳಿಗೆ 159ರಿಂದ 290 ಮೀಟರ್, ಸರೀಸೃಪಗಳಿಗೆ 127ರಿಂದ 289. ಅವರ ದತ್ತಾಂಶ ಬಹುಪಾಲು ಅಮೆರಿಕದ್ದು. ಅದನ್ನು ಜಯನಗರಕ್ಕೆ ಹಾಗೇ ತಂದು ಹೊದಿಸಲಾಗದು. ಆದರೆ ನೂರರ ಲೆಕ್ಕದಲ್ಲಿ ಬೇಕಾದದ್ದನ್ನು ಮೂರಕ್ಕೆ ಇಳಿಸುವ ಮುನ್ನ ಇಲ್ಲಿನ ಒಂದಾದರೂ ಜೀವಿಯನ್ನು ಅಳೆದು ನೋಡಬೇಡವೇ?

‘ಸುಪ್ರೀಂ ಕೋರ್ಟೇ 30 ಸಾಕೆಂದಿದೆಯಲ್ಲ’ ಎನ್ನುವವರು ತೀರ್ಪನ್ನು ಓದಬೇಕು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತ್ತು. 2019ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನು ರದ್ದು ಮಾಡಿದ್ದು, ಶಾಸನಬದ್ಧ ಮಾಸ್ಟರ್‌ಪ್ಲಾನ್ ತಿದ್ದುವ ಅಧಿಕಾರ ಮಂಡಳಿಗಿಲ್ಲ ಎಂಬ ಕಾರಣಕ್ಕೆ. 30 ಮೀಟರ್ ಕೆರೆಗೆ ಸಾಕು ಎಂದು ಅಲ್ಲಿ ಯಾರೂ ಸಾಬೀತು ಮಾಡಿರಲಿಲ್ಲ. ಶಾಸಕಾಂಗಕ್ಕೆ ಅಧಿಕಾರವಿದೆ, ಒಪ್ಪೋಣ. ಅಧಿಕಾರ ಇದ್ದವರು ಕಾರಣವನ್ನೂ ಕೊಡಬೇಕು.

ಉಳಿದ ವಾದವೊಂದಕ್ಕೆ ತೂಕವಿದೆ. ದಕ್ಷಿಣ ಬೆಂಗಳೂರಿನ ಕೆರೆಗಳ ಸುತ್ತ 30 ಮೀಟರ್‌ನೊಳಗೆ ಈಗಾಗಲೇ ಮನೆ, ರಸ್ತೆ, ಅಪಾರ್ಟ್‌ಮೆಂಟ್ ಎದ್ದಿವೆ. ಅಲ್ಲಿ ನಿಯಮ ಉಳಿದಿರುವುದು ಕಡತದಲ್ಲಿ ಮಾತ್ರ. ಸರಿ, ಹಕ್ಕುಪತ್ರವಿರುವ ಹಳೆಯ ಕಟ್ಟಡಕ್ಕೆ ವಿನಾಯಿತಿ ಕೊಡಿ. ಆದರೆ ಆ ನೆಪದಲ್ಲಿ ಇಡೀ ರಾಜ್ಯದ ಕುಂಟೆ, ಕಟ್ಟೆಗಳ ಸುತ್ತ ಇನ್ನೂ ಖಾಲಿಯಿರುವ ನೆಲವನ್ನೇಕೆ ಬಿಟ್ಟುಕೊಡಬೇಕು? ಕಟ್ಟಿದ್ದನ್ನು ಸಕ್ರಮ ಮಾಡುವುದು ಬೇರೆ, ಕಟ್ಟಲು ಹೊಸದಾಗಿ ಜಾಗ ಮಾಡಿಕೊಡುವುದು ಬೇರೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಖಾಲಿ ನೆಲವಿರುವಲ್ಲಿ ಸಣ್ಣ ಕೆರೆಗೂ 30 ಮೀಟರ್ ಉಳಿಯಲಿ. ಅದರೊಳಗೆ ಪೇವರ್ ಟ್ರ್ಯಾಕ್ ಒಂದು ಬದಿಗಷ್ಟೇ ಸೀಮಿತವಾಗಲಿ, ಉಳಿದದ್ದು ಇಳಿಜಾರಾದ ಮಣ್ಣೇ ಇರಲಿ, ಜೊಂಡು ನಿಲ್ಲಲಿ. ಕೊಳವೆ ಹಾಕಲೇಬೇಕಿದ್ದರೆ ಹಾಕಿ, ಮೇಲೆ ಮಣ್ಣು ಮುಚ್ಚಿ, ರಸ್ತೆ ಬೇಡ. ಎಕರೆಯೊಳಗಿನ ಕುಂಟೆಗೆ ಮೂರು ಮೀಟರ್ ಎಂಬುದು ಯಾವ ಅಧ್ಯಯನದಿಂದ ಬಂತೆಂದು ಸಣ್ಣ ನೀರಾವರಿ ಇಲಾಖೆ ಸಾರ್ವಜನಿಕರ ಮುಂದಿಡಲಿ. ಅಧ್ಯಯನವೇ ಇಲ್ಲವಾದರೆ ಆ ಕೋಷ್ಟಕವನ್ನು ಹಿಂದಕ್ಕೆ ಪಡೆಯಲಿ.