ಜೊಳ್ಳಿನಲ್ಲಿ ಸೇರಿದ ಕಾಳು

ಕೆಲಸಕ್ಕೆ ಅರ್ಜಿ ಹಾಕಿಕೊಂಡ ತರುಣನೊಬ್ಬ ದಿನಕ್ಕೆ ಹತ್ತು ಬಾರಿ ತನ್ನ ಇ-ಮೇಲ್ ತೆರೆದು ನೋಡುತ್ತಾನೆ. ಉತ್ತರವಿಲ್ಲ. ಹದಿನೈದು ದಿನ ಕಳೆದ ಮೇಲೆ, ‘ನಮ್ಮ ಹಣೆಬರಹವೇ ಇಷ್ಟು’ ಎಂದು ತಾಯಿ ನಿಟ್ಟುಸಿರು ಬಿಡುತ್ತಾರೆ. ‘ಶಿಫಾರಸಿಲ್ಲದೆ ಈ ಕಾಲದಲ್ಲಿ ಏನು ನಡೆದೀತು?’ ಎಂದು ತಂದೆ ಲೋಕವನ್ನೇ ದೂಷಿಸುತ್ತಾರೆ. ಸಂದರ್ಶನದ ಕರೆಯಾದರೋ ಎಂದೋ ಬಂದು, ‘ಸ್ಪ್ಯಾಮ್’ ಎಂಬ ಕಸದ ರಾಶಿಯಲ್ಲಿ ಬಿದ್ದಿರುತ್ತದೆ! ಇಂತಹ ಪ್ರಸಂಗ ಇಂದು ಯಾವ ಮನೆಯಲ್ಲಾದರೂ ನಡೆಯಬಹುದು.

ಹಾಗೆಂದು ಕಾವಲೇ ಬೇಡವೆನ್ನುವಂತಿಲ್ಲ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಮಾರಾಟದ ಜಾಹೀರಾತು ಸುಮಾರು 400 ಮಂದಿಗೆ ಏಕಕಾಲದಲ್ಲಿ ಹೋಯಿತು. ಅಂದು ಮೊದಲಾದ ಈ ಉಪದ್ರವ ಇಂದು ಲಾಟರಿಯ ಆಮಿಷವಾಗಿ, ಬ್ಯಾಂಕಿನ ವೇಷ ತೊಟ್ಟ ವಂಚನೆಯಾಗಿ ಬೆಳೆದು ನಿಂತಿದೆ. ಇದನ್ನು ತಡೆಯುವುದೇ ಸ್ಪ್ಯಾಮ್ ಫಿಲ್ಟರಿನ ಕೆಲಸ.

ಆದರೆ ಈ ಕಾವಲುಗಾರನು ಪತ್ರದ ಅಂತರಂಗವನ್ನು ಅರಿತವನಲ್ಲ. ಲಕ್ಷಣಗಳನ್ನು ಕಂಡು ಶಂಕಿಸುವವನು. ಕಳುಹಿಸಿದ ವಿಳಾಸ ಹೊಸದೇ, ಅದು ನಿಜವೆಂಬುದಕ್ಕೆ ಆಧಾರವುಂಟೇ, ಪದಗಳು ಎಂತಹವು ಎಂದು ನೋಡಿ ಅಂಕ ಹಾಕುತ್ತಾನೆ. ಅಂಕ ಮಿತಿಮೀರಿದರೆ ಪತ್ರಕ್ಕೆ ಒಳಗೆ ಪ್ರವೇಶವಿಲ್ಲ.

ಈ ಲೆಕ್ಕ ಎಷ್ಟು ಕುರುಡಾಗಬಲ್ಲದೆಂಬುದಕ್ಕೆ 2010ರ ಜನವರಿ 1ರ ಘಟನೆಯೇ ಸಾಕ್ಷಿ. ದೂರದ ಭವಿಷ್ಯದ ತಾರೀಕನ್ನು ಹಾಕಿ ಪತ್ರ ಕಳುಹಿಸುವುದು ಮೋಸಗಾರರ ಒಂದು ತಂತ್ರ. ಆದಕಾರಣ, 2010 ಅಥವಾ ಅದರಾಚೆಯ ತಾರೀಕುಳ್ಳ ಪತ್ರವನ್ನು ಶಂಕಿಸಬೇಕೆಂಬ ನಿಯಮವೊಂದು ‘ಸ್ಪ್ಯಾಮ್‌ಅಸ್ಯಾಸಿನ್’ ಎಂಬ ಪ್ರಸಿದ್ಧ ಫಿಲ್ಟರಿನಲ್ಲಿ ಇತ್ತು. ಕಾಲ ನಿಲ್ಲಲಿಲ್ಲ, ನಿಯಮ ಬದಲಾಗಲಿಲ್ಲ. ಹೊಸವರ್ಷದ ದಿನ ಸರಿಯಾದ ತಾರೀಕು ಹೊತ್ತ ಪತ್ರಗಳೇ ಅಪರಾಧಿಗಳಾದವು! ಐದು ಅಂಕಕ್ಕೆ ಪತ್ರವನ್ನು ಕಸವೆಂದು ತೀರ್ಮಾನಿಸುವ ಆ ಏರ್ಪಾಡಿನಲ್ಲಿ, ಬಹುಮಟ್ಟಿಗೆ ಮೂರಕ್ಕೂ ಹೆಚ್ಚು ಅಂಕಗಳು ತಾರೀಕೊಂದರಿಂದಲೇ ಬೀಳುತ್ತಿದ್ದವು. ಬಳಿಕ ತಿದ್ದುಪಡಿಯೇನೋ ಬಂದಿತು. ಆದರೆ ಅಷ್ಟರಲ್ಲಿ ಕಸ ಸೇರಿದ ಶುಭಾಶಯಗಳೆಷ್ಟೋ!

ಕಾವಲುಗಾರನ ತಪ್ಪುಗಳು ಎರಡು ಬಗೆ. ಕಳ್ಳನನ್ನು ಒಳಗೆ ಬಿಡುವುದೊಂದು. ನೆಂಟನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಎಚ್ಚರವಿದ್ದರೆ ತಪ್ಪಿಸಿಕೊಳ್ಳಬಹುದು. ಎರಡನೆಯದು ಯಾರಿಗೂ ತಿಳಿಯುವುದೇ ಇಲ್ಲ. 2002ರಲ್ಲಿ ಪಾಲ್ ಗ್ರಹಾಂ ಎಂಬ ಅಮೆರಿಕದ ತಂತ್ರಜ್ಞರು, ಪದಗಳ ಸಂಭವನೀಯತೆಯನ್ನು ಎಣಿಸಿ ಸ್ಪ್ಯಾಮನ್ನು ಗುರುತಿಸುವ ವಿಧಾನವನ್ನು ವಿವರಿಸಿದಾಗ, ಒಳ್ಳೆಯ ಪತ್ರಗಳಲ್ಲಿ ಕಂಡ ಪದಗಳನ್ನು ಇಮ್ಮಡಿಯಾಗಿ ಎಣಿಸಿದುದು ಈ ಕಾರಣದಿಂದಲೇ. ನಿರಪರಾಧಿಗೆ ಶಿಕ್ಷೆಯಾಗಬಾರದೆಂಬ ನ್ಯಾಯ ಯಂತ್ರಕ್ಕೂ ಸಲ್ಲಬೇಕಷ್ಟೆ.

ಆದರೂ ಕೊನೆಯ ಹೊಣೆ ಮನೆಯವರದೇ. ಜಿಮೇಲ್‌ನಲ್ಲಿ ಸ್ಪ್ಯಾಮ್ ಎಂದು ಬೇರ್ಪಡಿಸಿದ ಪತ್ರ 30 ದಿನಗಳ ಬಳಿಕ ತಾನಾಗಿ ಅಳಿದುಹೋಗುತ್ತದೆ. ವಾರಕ್ಕೊಮ್ಮೆ ಅತ್ತ ಕಣ್ಣುಹಾಯಿಸಿ, ಪರಿಚಿತರ ಪತ್ರ ಕಂಡರೆ ‘ಸ್ಪ್ಯಾಮ್ ಅಲ್ಲ’ ಎಂದು ಗುರುತು ಮಾಡುವುದು ಲೇಸು. ಅಲ್ಲಿನ ಅಪರಿಚಿತ ಕೊಂಡಿಗಳನ್ನು ಮಾತ್ರ ಮುಟ್ಟಕೂಡದು. ಮುಖ್ಯವಾದ ಪತ್ರ ಬರೆದವರೂ ಒಮ್ಮೆ ದೂರವಾಣಿ ಮಾಡಿ ವಿಚಾರಿಸಿದರೆ ನಷ್ಟವೇನಿಲ್ಲ. ಉತ್ತರ ಬಾರದುದನ್ನು ಉಪೇಕ್ಷೆಯೆಂದೂ ಅಹಂಕಾರವೆಂದೂ ಬಗೆದು ಸ್ನೇಹವನ್ನು ಕಡಿದುಕೊಳ್ಳುವುದಕ್ಕಿಂತ ಅದು ಮೇಲು.

ಧಾನ್ಯ ಕೇರುವ ಗೃಹಿಣಿ ಜೊಳ್ಳನ್ನು ಚೆಲ್ಲುವ ಮುನ್ನ ಒಮ್ಮೆ ಬೆರಳಾಡಿಸಿ ನೋಡುತ್ತಾಳೆ. ಮೊರ ಎಷ್ಟೇ ಒಳ್ಳೆಯದಾಗಿರಲಿ, ಅದರ ಮೇಲೆ ಅವಳು ಪೂರ್ತಿ ಭಾರ ಹಾಕುವುದಿಲ್ಲ.