ಮಗುವಿನ ಪಯಣಕ್ಕೆ ತಂದೆಯ ಸಹಿ: ಹಕ್ಕೇ, ಅಸ್ತ್ರವೇ?

ವಿಚ್ಛೇದನದಿಂದ ಗಂಡ ಹೆಂಡಿರ ಸಂಬಂಧ ಕೊನೆಗೊಳ್ಳುತ್ತದೆ. ತಂದೆ ತಾಯಿಯರ ಸಂಬಂಧ ಕೊನೆಗೊಳ್ಳುವುದಿಲ್ಲ. ಈ ಸರಳ ಸತ್ಯವನ್ನು ನಾವು ಮರೆತಾಗಲೆಲ್ಲ ಅದರ ಬೆಲೆ ತೆರುವುದು ಮಗು.

ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ನಮ್ಮ ಮನೆಗಳಿಗೆ ದುಬೈ, ದೋಹಾ, ರಿಯಾದ್ ಪರಕೀಯ ಊರುಗಳಲ್ಲ. ಮೊದಲು ಗಂಡಸರು ಹೋಗುತ್ತಿದ್ದರು. ಈಗ ದಾದಿಯರಾಗಿ, ಶಿಕ್ಷಕಿಯರಾಗಿ, ಸಾಫ್ಟ್‌ವೇರ್ ಉದ್ಯೋಗಿಗಳಾಗಿ ನಮ್ಮ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. ವಿಚ್ಛೇದಿತ ತಾಯಿಯೊಬ್ಬಳು ಮಗುವಿನೊಡನೆ ಹೊರಡಬೇಕೆಂದಾಗ ಎಲ್ಲವೂ ತಂದೆಯ ಒಂದು ಸಹಿಯ ಮುಂದೆ ನಿಂತುಬಿಡುತ್ತದೆ. ಕೆಲವರು ಆ ಸಹಿಗೆ ಬೆಲೆ ಕಟ್ಟುತ್ತಾರೆ: ಜೀವನಾಂಶದ ದಾವೆ ಬಿಡು, ಮಹರ್ ಮರೆತುಬಿಡು. ಇನ್ನೊಂದೆಡೆ, ಹೇಳದೆ ಕೇಳದೆ ಮಗುವನ್ನು ಕರೆದೊಯ್ದು, ತಂದೆಗೆ ಅದರ ಧ್ವನಿಯೂ ಕೇಳದಂತೆ ಮಾಡುವ ತಾಯಂದಿರೂ ಇದ್ದಾರೆ. ಎರಡೂ ಅನ್ಯಾಯವೇ.

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 233ನೇ ಸೂಕ್ತವು ಮಗುವಿನ ಕಾರಣದಿಂದ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂದು ಎಚ್ಚರಿಸುತ್ತದೆ. ಎದೆಹಾಲು ಬಿಡಿಸುವ ನಿರ್ಧಾರವನ್ನೂ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಕೈಗೊಳ್ಳಬೇಕೆಂದು ಅದು ಬಯಸುತ್ತದೆ. ಹಾಲು ಬಿಡಿಸಲು ಸಮಾಲೋಚನೆ ಬೇಕಾದರೆ, ದೇಶ ಬಿಡಿಸಲು ಬೇಡವೇ?

ಉಮರ್(ರ)ರವರು ತಮ್ಮ ವಿಚ್ಛೇದಿತ ಪತ್ನಿಯಿಂದ ಪಡೆದ ಮಗ ಆಸಿಮ್‌ನನ್ನು ಕುಬಾದಲ್ಲಿ ಕಂಡು ಕರೆದೊಯ್ಯಲು ಮುಂದಾದರು. ಮಗುವಿನ ಅಜ್ಜಿ ತಡೆದರು. ಪ್ರಕರಣ ಖಲೀಫ ಅಬೂಬಕರ್(ರ)ರವರ ಮುಂದೆ ಬಂದಾಗ, ಮಗುವನ್ನು ಅಜ್ಜಿಯ ಬಳಿಯೇ ಬಿಡುವಂತೆ ಅವರು ತೀರ್ಪಿತ್ತರು. ಉಮರ್(ರ) ಮರುಮಾತಾಡಲಿಲ್ಲವೆಂದು ಇಮಾಮ್ ಮಾಲಿಕ್‌ರ ಮುವತ್ತಾ ದಾಖಲಿಸುತ್ತದೆ. ಉಮರ್‌ರಂಥವರೇ ತಲೆಬಾಗಿದ ಕಡೆ ನಮ್ಮ ಹಠ ಯಾವ ಲೆಕ್ಕ?

ಇಸ್ಲಾಮೀ ಕರ್ಮಶಾಸ್ತ್ರವು ಮಗುವಿನ ಪಾಲನೆಯನ್ನೂ (ಹಿಝಾನತ್) ಪೋಷಕತ್ವವನ್ನೂ (ವಿಲಾಯತ್) ಬೇರ್ಪಡಿಸಿ ನೋಡುತ್ತದೆ. ಎಳೆಯ ಮಗುವಿನ ಪಾಲನೆಯಲ್ಲಿ ತಾಯಿಗೆ ಆದ್ಯತೆ. ಖರ್ಚು ಮತ್ತು ಪೋಷಕತ್ವದ ಹೊಣೆ ತಂದೆಗೆ. ಪಾಲಿಸುವ ತಾಯಿ ಮಗುವನ್ನು ದೂರದೂರಿಗೆ ಕೊಂಡೊಯ್ಯುವುದಕ್ಕೆ ಹನಫೀ ವಿದ್ವಾಂಸರು ಮಿತಿ ಹಾಕಿದ್ದು ನಿಜ. ಆದರೆ ತಂದೆ ಹೋಗಿ ಮಗುವನ್ನು ನೋಡಿ ಅದೇ ದಿನ ಮರಳಬಹುದಾದಷ್ಟು ಹತ್ತಿರದ ಊರಾದರೆ ತೊಂದರೆಯಿಲ್ಲವೆಂದು ಅವರೇ ಹೇಳಿದ್ದಾರೆ. ಅಂದರೆ ಆ ಮಿತಿಯ ಉದ್ದೇಶ ತಂದೆ ಮಗುವಿನ ನಂಟನ್ನು ಉಳಿಸುವುದು, ತಾಯಿಯನ್ನು ಕಟ್ಟಿಹಾಕುವುದಲ್ಲ. ಪಾಲನೆಯ ಹಕ್ಕು ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ ಖುಲಾ ನೀಡಿದರೆ, ಖುಲಾ ಸಿಂಧು, ಷರತ್ತು ಅಸಿಂಧು ಎಂದೂ ಅವರು ಬರೆದಿದ್ದಾರೆ. ಏಕೆಂದರೆ ಅದು ಮಗುವಿನ ಹಕ್ಕು, ಚೌಕಾಶಿಯ ಸರಕಲ್ಲ.

ದೇಶದ ಕಾನೂನೂ ಮಗುವಿನ ಹಿತವನ್ನೇ ಮುಂದಿಡುತ್ತದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮು ಮಗುವಿನ ಕ್ಷೇಮವನ್ನು ನೋಡುವಂತೆ, ತಿಳಿವಳಿಕೆಯ ವಯಸ್ಸಿನ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸುವಂತೆ ಹೇಳುತ್ತದೆ. ನ್ಯಾಯಾಲಯ ನೇಮಿಸಿದ ಪೋಷಕರು ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೊಯ್ಯುವಂತಿಲ್ಲವೆಂದು 26ನೇ ಕಲಮು ವಿಧಿಸುತ್ತದೆ. 2020ರಲ್ಲಿ ಬೆಂಗಳೂರಿನ ದಂಪತಿಯೊಂದರ ಪ್ರಕರಣದಲ್ಲಿ, ತಾಯಿ ಮಗನನ್ನು ಸಿಂಗಾಪುರಕ್ಕೆ ಕರೆದೊಯ್ಯಲು ಸುಪ್ರೀಂ ಕೋರ್ಟ್ ಅನುಮತಿಸಿತು. ಜೊತೆಗೇ ವಿಡಿಯೋ ಕರೆ ಮತ್ತು ಭೇಟಿಯ ಮೂಲಕ ತಂದೆಯ ನಂಟನ್ನೂ ಕಾಪಾಡಿತು. ನಮ್ಮ ಜಮಾಅತ್‌ಗಳು ಅನುಸರಿಸಬೇಕಾದ ದಾರಿ ಇದೇ.

ಪಾಸ್‌ಪೋರ್ಟ್ ಅರ್ಜಿಗೆ ಒಬ್ಬರ ಸಮ್ಮತಿ ಸಿಗದಿದ್ದರೆ, ಅರ್ಜಿದಾರ ತಂದೆ ಅಥವಾ ತಾಯಿ ಕಾರಣ ತಿಳಿಸಿ 'ಅನುಬಂಧ ಸಿ' ಘೋಷಣೆ ಸಲ್ಲಿಸಲು ಅವಕಾಶವಿದೆ. ಆದರೆ ಪಾಸ್‌ಪೋರ್ಟ್ ಸಿಕ್ಕಿತೆಂದರೆ ಪಾಲನೆಯ ವಿವಾದ ಬಗೆಹರಿಯಿತೆಂದಲ್ಲ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಗಡಿ ದಾಟಿದ ಮೇಲಿನ ಜಗಳ ವರ್ಷಗಟ್ಟಲೆ ಎಳೆಯಬಹುದು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ತಲಾಕ್ ಅಥವಾ ಖುಲಾದ ಮಾತುಕತೆಗೆ ಕೂರುವ ಹಿರಿಯರು ಮಹರ್ ಮತ್ತು ಇದ್ದತ್‌ನ ಲೆಕ್ಕಕ್ಕೇ ನಿಲ್ಲದಿರಲಿ. ಮಗು ಯಾರ ಬಳಿ ಇರುತ್ತದೆ, ರಜೆಯಲ್ಲಿ ಎಲ್ಲಿ, ಈದ್ ಯಾರೊಡನೆ, ಪಾಸ್‌ಪೋರ್ಟಿಗೆ ಸಹಿ ಹೇಗೆ, ವಿಮಾನದ ಖರ್ಚು ಯಾರದು ಎಂಬುದೆಲ್ಲ ಅಂದೇ ಬರಹಕ್ಕಿಳಿಯಲಿ. ಮಸೀದಿಯ ಲೆಟರ್‌ಹೆಡ್‌ನ ಮೇಲಿನ ಒಪ್ಪಂದವೊಂದನ್ನೇ ನೆಚ್ಚಿ ಕೂರಬೇಡಿ. ವಕೀಲರ ಮೂಲಕ ಸಿದ್ಧಯ್ಯ ರಸ್ತೆಯ ಕೌಟುಂಬಿಕ ನ್ಯಾಯಾಲಯದ ಮುಂದಿಟ್ಟು ಆದೇಶ ಪಡೆಯಿರಿ.

ತಂದೆಯೇ, ನಿಮ್ಮ ಸಹಿ ಅಮಾನತ್, ಅದನ್ನು ಮಾರಬೇಡಿ. ತಾಯಿಯೇ, ನಿಮ್ಮ ಮಡಿಲಲ್ಲಿರುವ ಮಗುವೂ ಅಮಾನತ್, ಅದನ್ನು ಬಚ್ಚಿಡಬೇಡಿ. ನಾಳೆ ಅಲ್ಲಾಹನ ಮುಂದೆ ಮಗುವಿನ ಪ್ರಶ್ನೆಗೆ ಇಬ್ಬರೂ ಉತ್ತರಿಸಬೇಕಾಗುತ್ತದೆ.