ಸೀಮಂತದ ಬ್ಯಾಗಲ್ಲಿ ತಾಯಿ ಕಾರ್ಡ್ ಇದ್ಯಾ?

ಯಲಿಯೂರು ಮಾತು, ಭಾಗ 7. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

1/6
"ಬಸುರಿ ವಿಷಯ ನಮಗ್ಯಾಕೋ" ಅಂತ ಮುಂದಕ್ಕೆ ಹೋಗ್ಬೇಡಿ ಕಣ್ರೋ. ನಿಮ್ಮನೇಲಿ ಅಕ್ಕನೋ ಅತ್ತಿಗೆನೋ ಚಿಕ್ಕಮ್ಮನೋ ಇದ್ರೆ ಇದು ನಿಮಗೇ.

ನಮ್ಮ ಕಡೆ ಹೆಂಗೆ ನಡೆಯುತ್ತೆ ನೋಡಿ. ಮೊದಲು ಹತ್ರದ ಡಾಕ್ಟ್ರು. ಆಶಾ ಅಕ್ಕ ಬಂದು ಹೆಸರು ಬರ್ಕೊಂಡು ತಾಯಿ ಕಾರ್ಡ್ ಮಾಡಿಸ್ತಾರೆ. ಸ್ಕ್ಯಾನಿಂಗ್‌ಗೆ ಮಂಡ್ಯ. ಆಮೇಲೆ ತವರಿನವರು ಬಂದು ಸೀಮಂತ ಮಾಡಿ, ಮಡ್ಲು ತುಂಬಿ, ಕರ್ಕೊಂಡು ಹೋಗ್ತಾರೆ. ಚೊಚ್ಚಲ ಹೆರಿಗೆ ಅಲ್ಲಿನ ಆಸ್ಪತ್ರೇಲಿ. ಲೆಕ್ಕ ಹಾಕಿ, ಒಬ್ಬಳು ಬಸುರಿ, ನಾಲ್ಕು ಕಡೆ ತಪಾಸಣೆ.

ನಾನು ಹೇಳೋದು ಇಷ್ಟೇ: ನಾಲ್ಕು ಕಡೆ ತೋರಿಸೋದು ತಪ್ಪಲ್ಲ. ಒಂದು ಕಡೆ ನೋಡಿದ್ದು ಇನ್ನೊಂದು ಕಡೆಗೆ ತಲುಪದೇ ಇರೋದು ತಪ್ಪು.

2/6
ನಮ್ಮನೇದೇ ಹೇಳ್ತೀನಿ. ಅತ್ತಿಗೆ ತವರು ಮಳವಳ್ಳಿ ಕಡೆ. ಏಳು ತಿಂಗಳು ನಮ್ಮ ಡಾಕ್ಟ್ರೇ ತಿಂಗಳು ತಿಂಗಳು ಬಿಪಿ ನೋಡಿದ್ರು, ಆದ್ರೆ ಬರೆದಿದ್ದು ತಮ್ಮ ಚೀಟೀಲಿ. ತಾಯಿ ಕಾರ್ಡಲ್ಲಿ ಆ ಕಾಲಂ ಖಾಲಿ.

ತವರಿಗೆ ಹೋದ ಎರಡನೇ ವಾರ ತಲೆನೋವು, ಮುಖ ಊತ. "ಬಸುರಿಗೆ ಊದ್ಕೊಳ್ಳೋದು ಇದ್ದಿದ್ದೇ" ಅಂತ ಎರಡು ದಿನ ಕಳೀತು. ಆಸ್ಪತ್ರೆಗೆ ಹೋದಾಗ ಬಿಪಿ 150/100. "ಮೊದಲು ಎಷ್ಟಿತ್ತು?" ಅಂತ ಕೇಳಿದ್ರು. ಯಾರಿಗೂ ಗೊತ್ತಿಲ್ಲ. ಅಣ್ಣ ನನಗೆ ಫೋನ್ ಮಾಡಿದ. ಮನೆಯೆಲ್ಲಾ ಹುಡುಕಿದೆ. ಗೋಡೆ ಕ್ಯಾಲೆಂಡರ್ ಹಿಂದೆ ಮೂರು ಚೀಟಿ, ಅಕ್ಕಿ ಡ್ರಮ್ ಮೇಲೆ ಒಂದು. 110/70, 110/70, 120/80. ಕೊನೇದ್ರಲ್ಲಿ 138/88, ಕೆಳಗೆ ಡಾಕ್ಟ್ರು ಬರೆದಿದ್ರು: "ಒಂದು ವಾರದಲ್ಲಿ ಮತ್ತೆ ತೋರಿಸಿ."

ಆ ವಾರ ನಮ್ಮನೇಲಿ ಸೀಮಂತ. ಬಳೆ, ಸೀರೆ, ಚಿಗಳಿ, ಫೋಟೋ. ರೀಲ್ಸ್ ನಾನೇ ಎಡಿಟ್ ಮಾಡಿದ್ದೆ. ಚೀಟಿ ಯಾರೂ ಓದ್ಲಿಲ್ಲ.

ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಬಿಪಿ ಏರ್ತಾ ಬಂದಿದೆ ಅಂತ ಅವರಿಗೆ ಗೊತ್ತಾಯ್ತು. ಮೂತ್ರ ಪರೀಕ್ಷೇಲಿ ಪ್ರೋಟೀನ್ ಸಿಕ್ತು, ಅವತ್ತೇ ಅಡ್ಮಿಟ್. ಪಾಪು ಬೇಗ ಹುಟ್ಟಿದ್ಳು. ಈಗ ಅಂಬೆಗಾಲಿಡ್ತಾ ನನ್ನ ಚಾರ್ಜರ್ ಕಚ್ತಾಳೆ. ನಮ್ಮ ಅದೃಷ್ಟ ಚೆನ್ನಾಗಿತ್ತು, ಅಷ್ಟೇಯ.

3/6
"ಎಲ್ಲಾ ದೊಡ್ಡಾಸ್ಪತ್ರೇಲೇ ತೋರಿಸಿದ್ರೆ ಆಗ್ತಿತ್ತಲ್ಲ?" ಅಂತ ಕೇಳಿದವ್ರು ತುಂಬಾ ಜನ. ಆ ಆಸ್ಪತ್ರೇಲೂ ಹಂಗೇ ಗದರಿದ್ರು. ನಾನು ಒಪ್ಪಲ್ಲ.

ನಮ್ಮ ದೇಶದ ನಿಯಮದಲ್ಲಿ ಕನಿಷ್ಠ 4 ಸಲ ತಪಾಸಣೆ. ಡಬ್ಲ್ಯೂಎಚ್‌ಒ 2016ರಿಂದ 8 ಸಲ ಅನ್ನುತ್ತೆ. ಎಂಟು ಸಲವೂ ಸಿಟಿಗೇ ಬಾ ಅಂದ್ರೆ ಒಂದೊಂದ್ಸಲಕ್ಕೂ ಒಂದಿನದ ಕೂಲಿ ಹೋಗುತ್ತೆ, ಬಸ್ಸು, ಕ್ಯೂ, ಜೊತೆಗೊಬ್ರು ಬೇಕು. ಮೂರನೇ ಸಲಕ್ಕೆ ನಿಲ್ಲಿಸಿಬಿಡ್ತಾರೆ. ಬಿಪಿ, ತೂಕ, ರಕ್ತ, ಮೂತ್ರ ಇವನ್ನ ಹತ್ರದಲ್ಲೇ ನೋಡಬಹುದು. ರಾತ್ರಿ ವಾಂತಿ ಜಾಸ್ತಿಯಾದ್ರೆ ಫೋನ್ ಎತ್ತೋದೂ ಹತ್ರದವರೇ.

ಆದ್ರೆ ಮೊದಲ ಹೆರಿಗೆ ಸಿಸೇರಿಯನ್ ಆಗಿದ್ರೆ, ಅವಳಿ ಇದ್ರೆ, ಬಿಪಿ, ಶುಗರ್ ಇದ್ರೆ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ರೆ ಹತ್ರದವರೊಬ್ಬರೇ ಸಾಲಲ್ಲ. ದೊಡ್ಡಾಸ್ಪತ್ರೆಗೆ ಮೊದಲೇ ಗೊತ್ತಿರ್ಬೇಕು, ನೋವು ಬಂದ ದಿನ ಅಲ್ಲ.

4/6
ಜಪಾನಲ್ಲಿ 1948ರಿಂದ ತಾಯಿಗೂ ಮಗೂಗೂ ಸೇರಿ ಒಂದೇ ಕೈಪುಸ್ತಕ. ಯಾವ ಡಾಕ್ಟ್ರ ಹತ್ರ ಹೋದ್ರೂ ಅದರಲ್ಲೇ ಬರೀತಾರೆ. ನಮ್ಮ ತಾಯಿ ಕಾರ್ಡ್ ಮಾಡಬೇಕಾದ ಕೆಲಸವೂ ಅದೇ. ನಾವು ಅದನ್ನ ದುಡ್ಡು ಬರೋ ಸ್ಕೀಮಿನ ಕಾಗದ ಮಾಡಿಟ್ಟಿದ್ದೀವಿ.

ಆಸ್ಪತ್ರೆಗಳು ಅದನ್ನೇ ಗೇಟ್ ಪಾಸ್ ಮಾಡಿದ್ರೆ ಏನಾಗುತ್ತೆ ಅಂತಾನೂ ನೋಡಿದ್ದೀವಿ. 2022ರ ನವೆಂಬರ್‌ನಲ್ಲಿ ತುಮಕೂರು ಜಿಲ್ಲಾಸ್ಪತ್ರೆಗೆ ಹೋದ ಬಸುರಿಯೊಬ್ಬರನ್ನ ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದ್ರು ಅನ್ನೋ ಆರೋಪ ಬಂತು. ಆಕೆ ಮನೇಲೇ ಹೆತ್ತು ತೀರ್ಕೊಂಡ್ರು, ಅವಳಿ ಮಕ್ಕಳೂ ಉಳೀಲಿಲ್ಲ. ಡಾಕ್ಟ್ರು, ನರ್ಸ್‌ಗಳು ಅಮಾನತಾದ್ರು. ಕಾರ್ಡ್ ಇರೋದು ಜೀವ ಉಳಿಸೋಕೆ, ಬಾಗಿಲು ಹಾಕೋಕಲ್ಲ.

ಅದಕ್ಕೇ ಪೂರ್ತಿ ಹೊರೆ ಬಸುರಿ ತಲೆ ಮೇಲೆ ಹಾಕೋದೂ ಅನ್ಯಾಯ. ಹತ್ರದ ಡಾಕ್ಟ್ರು ಕಾರ್ಡಲ್ಲೇ ಬರೀಬೇಕು. ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟೀಲಿ ಮುಂದೆ ಏನು ನೋಡ್ಬೇಕು ಅಂತ ಹತ್ರದ ಡಾಕ್ಟ್ರಿಗೆ ಅರ್ಥ ಆಗೋ ಹಂಗೆ ಬರೆದು ಕೊಡ್ಬೇಕು. ಹೆರಿಗೆ ಆದ್ಮೇಲೂ ಬಿಪಿ ಏರಬಹುದು. ಅದನ್ನ ನೋಡೋರು ಊರವರೇ ತಾನೆ?

5/6
ಅವರು ಬದಲಾಗೋವರೆಗೂ ಮನೇಲಿ ಓದಿರೋ ನಾವು ಮಾಡಬಹುದಾದ್ದು:

• ಎಲ್ಲಾ ಚೀಟಿ, ಸ್ಕ್ಯಾನ್, ರಕ್ತ ಪರೀಕ್ಷೆ ಒಂದೇ ಫೈಲಲ್ಲಿ, ತಾಯಿ ಕಾರ್ಡ್ ಮೇಲೆ. ಎಲ್ಲದರ ಫೋಟೋ ಇಬ್ಬರ ಫೋನಲ್ಲಿ.
• ಡಾಕ್ಟ್ರಿಗೆ ಕೇಳಿ: "ಸಾರ್, ಇದನ್ನ ಕಾರ್ಡಲ್ಲೂ ಬರೆದು ಕೊಡಿ." ನಾಚ್ಕೋಬೇಡಿ.
• ಬೇರೆ ಕಡೆ ತೋರಿಸಿದ್ದನ್ನ, ತಗೊಳ್ತಿರೋ ಮಾತ್ರೆಗಳನ್ನ ಇಬ್ಬರು ಡಾಕ್ಟ್ರಿಗೂ ಹೇಳಿ. ಬೈತಾರೆ ಅಂತ ಮುಚ್ಚಿಡಬೇಡಿ.
• ರಕ್ತದ ಗುಂಪು ನೆಗೆಟಿವ್ ಇದ್ರೆ ಎಲ್ಲರಿಗೂ ಗೊತ್ತಿರ್ಲಿ. ಮಗು ಪಾಸಿಟಿವ್ ಆದ್ರೆ 72 ಗಂಟೆಯೊಳಗೆ ಇಂಜೆಕ್ಷನ್ ಬೇಕು.
• ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟ್ರ ತಪಾಸಣೆ ಉಚಿತ, 2016ರಿಂದ ಇದೆ. ಆಶಾ ಅಕ್ಕನ್ನ ಕೇಳಿ.
• ರಕ್ತ ಹೋದ್ರೆ, ಜೋರು ತಲೆನೋವು, ಕಣ್ಣು ಮಂಜು, ಮುಖ ಊತ, ಫಿಟ್ಸ್, ನೀರು ಹೋಗೋದು, ಮಗು ಆಟ ಕಮ್ಮಿ ಆಗೋದು ಇದ್ರೆ ಚೀಟಿ ಹುಡುಕ್ತಾ ಕೂರ್ಬೇಡಿ. 108ಕ್ಕೆ ಫೋನ್ ಮಾಡಿ, ಹೊರಡಿ. ಫೋಟೋ ಆಮೇಲೆ ಕಳಿಸಿ.

6/6
ಸೀಮಂತದ ದಿನ ಬ್ಯಾಗ್ ಜೋಡಿಸೋವಾಗ ಸೀರೆ ಮಡಚೋಕೆ ಹತ್ತು ಜನ ಇರ್ತಾರೆ. ನೀವು ಹನ್ನೊಂದನೇಯವರಾಗಿ. ಫೈಲ್ ಇಡಿ, ಕೊನೇ ಚೀಟೀಲಿ ಏನು ಬರೆದಿದೆ ಅಂತ ಜೋರಾಗಿ ಓದಿ. ಆವತ್ತು ನಾನು ರೀಲ್ಸ್ ಬಿಟ್ಟು ಅದೊಂದು ಸಾಲು ಓದಿದ್ರೆ ಸಾಕಿತ್ತು.

ಸೇವ್ ಮಾಡ್ಕೊಳ್ಳಿ, ಮನೆ ಗ್ರೂಪಿಗೆ ಹಾಕಿ. ನಿಮ್ಮನೇಲಿ ತಾಯಿ ಕಾರ್ಡ್ ಎಲ್ಲಿದೆ? ಈಗ್ಲೇ ಎದ್ದು ನೋಡಿ ಬಂದು ಕಾಮೆಂಟಲ್ಲಿ ಹೇಳಿ.

#ಯಲಿಯೂರುಮಾತು #ಮಂಡ್ಯ #ತಾಯಿಕಾರ್ಡ್